ಬೋನೆಟ್ ಮೇಲೆ ಕೈ ಇಡಿ

ಕೇಳುಗರಿಗೆ ನಮಸ್ಕಾರ.

ಕೊನೆಕೊಯ್ಲು ಮುಗಿದಿದೆ. ಅಡಿಕೆ ದುಡ್ಡು ಅಲ್ಪಸ್ವಲ್ಪ ಕೈಗೆ ಬಂದಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನನ್ನ ಗ್ಯಾರೇಜಿಗೆ ಫೋನ್ ಬರುವ ಕಾಲ ಇದು. "ಒಂದು ಫೋರ್ ವೀಲ್ ಡ್ರೈವ್ ಪಿಕಪ್ ನೋಡಿಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್, ಆದ್ರೆ ಗಾಡಿ ಭಾರಿ ಚೆನ್ನಾಗಿದೆ. ಬಂದು ಒಂದ್ಸಲ ನೋಡ್ತೀರಾ?" ನೋಡುತ್ತೇನೆ. ನನ್ನದು ಒಂದೇ ಷರತ್ತು. ಗಾಡಿ ತಣ್ಣಗಿರಬೇಕು. ರಾತ್ರಿಯಿಡೀ ನಿಂತಿರಬೇಕು. ಬೋನೆಟ್ ಮೇಲೆ ಅಂಗೈ ಇಟ್ಟರೆ ಬಾವಿಕಟ್ಟೆ ಮುಟ್ಟಿದ ಹಾಗೆ ಇರಬೇಕು. ಬಿಸಿ ಇದೆಯಾ? ಹಾಗಾದರೆ ವಾಪಸ್ ಬನ್ನಿ. ಇವತ್ತು ನಾನು ಹೇಳುವುದು ಇಷ್ಟೇ. ಆದರೆ ಪೂರ್ತಿ ಸಮಯ ಕೊಟ್ಟಿದ್ದಾರೆ, ಹಾಗಾಗಿ ಯಾಕೆ ಅಂತಲೂ ಹೇಳುತ್ತೇನೆ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಮೊಬೈಲಿನಲ್ಲಿ ಅಮೆರಿಕದ ಒಂದು ಪಿಕಪ್ ತೋರಿಸಿದ. ಫೋರ್ಡ್ ಎಫ್-150 ಲೈಟ್ನಿಂಗ್. 1999ರಿಂದ 2004ರವರೆಗೆ ಬಂದ ಮಾದರಿ. 5.4 ಲೀಟರಿನ ವಿ8 ಪೆಟ್ರೋಲ್ ಎಂಜಿನ್, ಮೇಲೆ ಸೂಪರ್‌ಚಾರ್ಜರ್, ಕೊನೆಯ ವರ್ಷಗಳಲ್ಲಿ 380 ಎಚ್‌ಪಿ. "ಇಂಥದ್ದು ತರಿಸಬಹುದಾ ಸರ್?" ಅಂದ. ತರಿಸಲಿಕ್ಕೆ ಆಗುವುದಿಲ್ಲ ಮಾರಾಯ. ಹೊರದೇಶದ ಹಳೆ ಗಾಡಿ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು. ಇದಕ್ಕೆ ಎರಡೂ ಇಲ್ಲ. ಅವನ ಮುಖ ಸಣ್ಣಗಾಯಿತು.

ಆದರೆ ಅವನು ಕೇಳಿದ ಇನ್ನೊಂದು ಪ್ರಶ್ನೆ ಒಳ್ಳೆಯದಿತ್ತು. ಸೂಪರ್‌ಚಾರ್ಜರ್ ಬೇರೆ, ಟರ್ಬೊ ಬೇರೆಯಾ? ಕಮ್ಮಾರನ ಕುಲುಮೆ ನೋಡಿದ್ದೀರಲ್ಲ. ತಿದಿ ಒತ್ತಿದರೆ ಗಾಳಿ ನುಗ್ಗುತ್ತದೆ, ಕೆಂಡ ಉರಿಯುತ್ತದೆ. ಎರಡೂ ಎಂಜಿನ್ನಿಗೆ ತಿದಿ. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಬಲ ಸಿಗುತ್ತದೆ. ಸೂಪರ್‌ಚಾರ್ಜರ್ ತಿದಿಯನ್ನು ಎಂಜಿನ್ನೇ ಬೆಲ್ಟ್ ಹಾಕಿ ತಿರುಗಿಸುತ್ತದೆ. ಟರ್ಬೊ ತಿದಿಯನ್ನು ಸೈಲೆನ್ಸರ್‌ಗೆ ಹೋಗುವ ಹೊಗೆ ತಿರುಗಿಸುತ್ತದೆ. ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ಸಿಗುವ ಡೀಸೆಲ್ ಪಿಕಪ್‌ಗಳಲ್ಲಿ ಇರುವುದು ಟರ್ಬೊ. 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಇರಲಿ, 2022ರಲ್ಲಿ ಬಂದ ಟೊಯೋಟ ಹೈಲಕ್ಸ್ ಇರಲಿ, ಎಲ್ಲ ಟರ್ಬೊವೇ. ಹೈಲಕ್ಸ್ 204 ಎಚ್‌ಪಿ. ನಮ್ಮ ತೋಟದ ಏರಿಗೆ ಅದು ಜಾಸ್ತಿಯೇ ಆಯಿತು.

ಈಗ ತಣ್ಣಗಿನ ವಿಷಯ. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ 1,00,000 ಸುತ್ತಿಗೂ ಜಾಸ್ತಿ ತಿರುಗುತ್ತದೆ. ಅದನ್ನು ಹಿಡಿದಿರುವುದು ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರ. ಆಯಿಲ್ ಕೆಟ್ಟರೆ ಅದು ಸವೆಯುತ್ತದೆ. ಸವೆದರೆ ಆಯಿಲ್ ಸೋರುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ ಹಾಗೆ ಸೋರಿದ್ದು ಅಲ್ಲಲ್ಲೇ ಕೂತಿರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದ ಕೂಡಲೇ ನೀಲಿ ಹೊಗೆಯಾಗಿ ಹೊರಗೆ ಬರುತ್ತದೆ. ಹತ್ತು ನಿಮಿಷ ಓಡಿಸಿದ ಮೇಲೆ ಹೋಗಿ ನೋಡಿ, ಏನೂ ಕಾಣುವುದಿಲ್ಲ. ತಣ್ಣಗಿನ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಕಾಯಿಸಿಕೊಡುವ ಗ್ಲೋ ಪ್ಲಗ್ ಸತ್ತಿದ್ದರೂ ಬಿಸಿ ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಸೋತಿದ್ದರೂ ಗೊತ್ತಾಗುವುದಿಲ್ಲ. ಬಿಸಿ ಎಂಜಿನ್ ಅಂದರೆ ಮದುವೆಗೆ ಹೆಣ್ಣು ನೋಡಲು ಹೋಗುವ ಮೊದಲು ಬಾಯಿಪಾಠ ಮಾಡಿಸಿದ ಹುಡುಗನ ಹಾಗೆ. ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಡುತ್ತದೆ.

ಇದಕ್ಕೊಂದು ಕತೆ ಹೇಳಲೇಬೇಕು. ಮೂರು ವರ್ಷದ ಹಿಂದಿನ ಮಾತು, ಏಪ್ರಿಲ್ ತಿಂಗಳು. ತೀರ್ಥಹಳ್ಳಿ ಹತ್ತಿರದ ಗೌಡರೊಬ್ಬರು ಕೊಪ್ಪದ ಆಚೆ ಒಂದು ಟರ್ಬೊ ಡೀಸೆಲ್ ಪಿಕಪ್ ನೋಡಿದ್ದರು. ಬ್ರೋಕರ್ "ಹನ್ನೊಂದು ಗಂಟೆಗೆ ಬನ್ನಿ, ತೊಳೆಸಿ ರೆಡಿ ಇಟ್ಟಿರ್ತೇವೆ" ಅಂದಿದ್ದ. ನಾನು ಗೌಡರಿಗೆ ಹೇಳಿದೆ, ಹನ್ನೊಂದಕ್ಕೆ ಬೇಡ, ಆರೂವರೆಗೇ ಹೋಗುವ. ಶಿವಮೊಗ್ಗದಿಂದ ನಾಲ್ಕು ಗಂಟೆಗೇ ಹೊರಟೆ. ದಾರಿಯಲ್ಲಿ ಗೌಡರನ್ನು ಹತ್ತಿಸಿಕೊಂಡೆ. ಅವರು ಪಾಪ ಪೂರ್ತಿ ನಿದ್ದೆಗಣ್ಣಿನಲ್ಲಿದ್ದರು.

ಆ ಮನೆಯ ಅಂಗಳಕ್ಕೆ ಹೋಗಿ ಇಳಿದರೆ ಬ್ರೋಕರ್ ನಮಗಿಂತ ಮೊದಲೇ ಎದ್ದಿದ್ದಾನೆ! ಗಾಡಿ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದ್ದಾನೆ. ನಾನು ಮಾತಾಡಲಿಲ್ಲ. ಹೋಗಿ ಬೋನೆಟ್ ಮೇಲೆ ಕೈ ಇಟ್ಟೆ. ದೋಸೆ ಕಾವಲಿ. "ಕೀ ಕೊಡಿ" ಅಂದೆ. ಕೊಟ್ಟ. ಅದನ್ನು ಜೇಬಿಗೆ ಹಾಕಿಕೊಂಡು ಹೋಗಿ ಜಗಲಿ ಮೇಲೆ ಕೂತೆ. "ಏನು ಸರ್, ಓಡಿಸಿ ನೋಡಲ್ವಾ?" ಅಂದ. "ತಣ್ಣಗಾಗಲಿ" ಅಂದೆ. "ಎಷ್ಟೊತ್ತು?" "ಮಧ್ಯಾಹ್ನ ಊಟದವರೆಗೆ."

ಅವನಿಗೆ ಸಿಟ್ಟು ಬಂತು. ಗೌಡರಿಗೆ ಸಂಕೋಚ. ಬೇರೆಯವರ ಮನೆ ಜಗಲಿಯಲ್ಲಿ ಕರೆಯದೆ ಬಂದು ಅಷ್ಟೊತ್ತು ಕೂರುವುದು ಹೇಗೆ? ಆದರೆ ಮಲೆನಾಡಿನ ಮನೆ ಅಲ್ವಾ, ಕೂತವರನ್ನು ಬರಿಗೈಲಿ ಎಬ್ಬಿಸುವುದಿಲ್ಲ. ಆ ಮನೆಯ ಅಜ್ಜಿ ಕಾಫಿ ತಂದರು. ಆಮೇಲೆ ಕಡುಬು, ಕಾಯಿ ಚಟ್ನಿ. ನಾನು ಎಂಟು ತಿಂದೆ, ಸುಳ್ಳು ಹೇಳುವುದಿಲ್ಲ. ಅಜ್ಜಿ ಕೇಳಿದರು, "ಗಾಡಿ ನೋಡಕ್ಕೆ ಬಂದೋರು ಇಲ್ಲಿ ಯಾಕೆ ಕೂತಿದೀರಿ ಮಗ?" ತಣ್ಣಗಾಗಲಿ ಅಂತ ಅಜ್ಜಿ ಅಂದೆ. ಅವರು ತಟ್ಟೆ ಎತ್ತಿಕೊಳ್ಳುತ್ತಾ ಆರಾಮಾಗಿ ಹೇಳಿದರು. "ಹೌದು, ಅದು ಬೆಳಿಗ್ಗೆ ಹೊಡೆದ್ರೆ ಮಾತ್ರ ಹೊಗೆ. ಕೊಟ್ಟಿಗೇಲಿ ಸೊಳ್ಳೆಗೆ ಹೊಗೆ ಹಾಕೋದೇ ಬೇಡ ನೋಡು."

ಬ್ರೋಕರ್ ಮುಖ ನೀವು ನೋಡಬೇಕಿತ್ತು. ಗೌಡರು ನನ್ನ ಕಿವಿಯಲ್ಲಿ "ಅಜ್ಜಿನೇ ಹೇಳಿ ಆಯ್ತಲ್ಲ, ಹೋಗುವ" ಅಂದರು. ಇಲ್ಲ, ಕಣ್ಣಾರೆ ನೋಡಿಯೇ ಹೋಗುವುದು ಅಂತ ಕೂತೆ. ಒಂದು ಗಂಟೆಗೆ ಎದ್ದೆ. ಪೂರ್ತಿ ತಣ್ಣಗಾಗಿರಲಿಲ್ಲ, ಆದರೂ ಸಾಕಿತ್ತು. ಸೆಲ್ಫ್ ಹೊಡೆದೆ. ಅಂಗಳದ ಆಚೆಯ ಬೇಲಿ ಕಾಣದಷ್ಟು ನೀಲಿ ಹೊಗೆ. ನಾಯಿ ಎದ್ದು ಹೋಯಿತು. ಬ್ರೋಕರ್ ಹೇಳುತ್ತಾನೆ, "ಚಳಿಗೆ ಸರ್, ಸ್ವಲ್ಪ ಮಂಜು ಬರ್ತದೆ." ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ! ಎಂಜಿನ್ ಆಫ್ ಮಾಡಿ ಟರ್ಬೊಗೆ ಗಾಳಿ ಹೋಗುವ ಹೋಸ್ ಬಿಚ್ಚಿದೆ. ಒಳಗೆ ಆಯಿಲ್ ನಿಂತಿತ್ತು. ಶಾಫ್ಟನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದೆ. ಪಕ್ಕಕ್ಕೆ ಒಂದು ಕೂದಲಷ್ಟು ಆಡಿದರೆ ಪರವಾಗಿಲ್ಲ, ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡಲೇಬಾರದು. ಇದು ಸಡಿಲವಾದ ಹಲ್ಲಿನ ಹಾಗೆ ಆಡಿತು.

ವಾಪಸ್ ಬರುವಾಗ ಗೌಡರು ಮಾತೇ ಆಡಲಿಲ್ಲ. ತೀರ್ಥಹಳ್ಳಿ ಹತ್ತಿರ ಬಂದ ಮೇಲೆ ಮೆಲ್ಲಗೆ ಬಾಯಿಬಿಟ್ಟರು. ಎರಡು ದಿನದ ಹಿಂದೆಯೇ 50,000 ರೂಪಾಯಿ ಮುಂಗಡ ಕೊಟ್ಟಾಗಿತ್ತಂತೆ. ನನಗೆ ಹೇಳಿರಲಿಲ್ಲ. ಆ ದುಡ್ಡು ಪೂರ್ತಿ ವಾಪಸ್ ಬರುವಷ್ಟರಲ್ಲಿ ಮುಂದಿನ ಕೊನೆಕೊಯ್ಲು ಬಂದಿತ್ತು. ಮೊದಲು ಕೈ ಬೋನೆಟ್ ಮೇಲೆ, ಆಮೇಲೆ ಜೇಬಿಗೆ. ತಿರುಗಾಮುರುಗಾ ಮಾಡಬೇಡಿ.

ನನ್ನ ಹಾಳೆಯಲ್ಲಿ ಇನ್ನೂ ಎರಡು ಪುಟ ಇದೆ, ಸಮಯ ಮಾತ್ರ ಇಲ್ಲ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಗಾಡಿ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಬಿಸಿ ಇದ್ದಾಗ ತೆಗೆದರೆ ಮುಖ ಸುಡುತ್ತದೆ. ನೀರಿನ ಮೇಲೆ ಎಣ್ಣೆ ಜಿಡ್ಡು ಇದ್ದರೆ, ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್ ಸ್ಟಿಕ್ಕಿನ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಆ ಗಾಡಿ ಬೇಡ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ಪ್ರವಾಹದಲ್ಲಿ ಮುಳುಗಿ ಎದ್ದದ್ದು. ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಸಣ್ಣ ಸುತ್ತಿಗೆಯಲ್ಲಿ ತಟ್ಟಿ. ಟಣ್ ಅನ್ನಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಂಥ ಕಡೆ ಚಾಸಿ ಒಳಗೆ ಕೆಂಪು ಮಣ್ಣು ಕೂತು ಒಳಗಿಂದಲೇ ತುಕ್ಕು ತಿನ್ನುತ್ತದೆ. ಮಳೆಗಾಲ ಮುಗಿದ ಮೇಲೆ ಬಾಡಿ ತೊಳೆಯುವವರು ಎಲ್ಲರೂ ಇದ್ದಾರೆ, ಅಡಿ ತೊಳೆಸುವವರು ಯಾರೂ ಇಲ್ಲ.

ಕಾಗದದ ವಿಷಯ. ಬ್ಯಾಂಕಿನ ಸಾಲ ಆರ್‌ಸಿಯಲ್ಲಿ ಇದ್ದರೆ ಸಾಲ ತೀರಿದೆ ಅಂತ ಬ್ಯಾಂಕಿನ ಎನ್‌ಒಸಿ ಮತ್ತು 35ನೇ ಫಾರಂ ಕೇಳಿ. ಹೆಸರು ಬದಲಾವಣೆಗೆ 29 ಮತ್ತು 30ನೇ ಫಾರಂ. ಇದನ್ನು ಆರ್‌ಟಿಒ ಆಫೀಸಿನ ಹೊರಗೆ ಯಾರು ಬೇಕಾದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ.

ತಂದ ಮೇಲೂ ತಣ್ಣಗಿನ ಮಾತೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತುಳಿಯಬೇಡಿ. ಆಯಿಲ್ ಟರ್ಬೊವರೆಗೆ ತಲುಪಲಿ. ಹೆಬ್ರಿ ಕಡೆಯಿಂದ ಲೋಡ್ ಹಾಕಿಕೊಂಡು ಆಗುಂಬೆ ಘಾಟಿಯ 14 ತಿರುವು ಹತ್ತಿ ಬರುತ್ತಾರೆ. ಟರ್ಬೊ ಆಗ ಕೆಂಡದ ಹಾಗೆ ಕಾದಿರುತ್ತದೆ. ಸೂರ್ಯಾಸ್ತ ನೋಡುವ ಜಾಗ ಬಂದ ಕೂಡಲೇ ಗಾಡಿ ನಿಲ್ಲಿಸಿ ಚಕ್ ಅಂತ ಕೀ ತಿರುಗಿಸಿ, ಫೋಟೊ ಹೊಡೆಯಲು ಓಡುತ್ತಾರೆ. ಎಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಂತಿತು. ಒಳಗೆ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಸೂರ್ಯ ಎಲ್ಲೂ ಓಡಿಹೋಗುವುದಿಲ್ಲ ಮಾರಾಯ್ರೆ, ಎರಡು ನಿಮಿಷ ಎಂಜಿನ್ ಸುಮ್ನೆ ಐಡಲ್‌ನಲ್ಲಿ ಇರಲಿ. ಘಾಟಿಯಲ್ಲೇ ಓಡಾಡುವವರು ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಮೊದಲೇ ಆಯಿಲ್ ಬದಲಿಸಿ. ಅಲ್ಲಿ ಉಳಿಸುವ ದುಡ್ಡನ್ನು ಆಮೇಲೆ ನನ್ನ ಗ್ಯಾರೇಜಿಗೇ ತಂದುಕೊಡುತ್ತೀರಿ.

ಕೊನೆಯದು ಫೋರ್ ವೀಲ್, ಅಂದರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವುದು. ಈ ಪಿಕಪ್‌ಗಳಲ್ಲಿ ಅದು ಕೆಸರಿಗೆ, ಜಾರುವ ಏರಿಗೆ ಇರುವುದು. ಒಣ ಡಾಂಬರಿನಲ್ಲಿ ಹಾಕಿಕೊಂಡು ಓಡಿಸಿದರೆ ತಿರುವಿನಲ್ಲಿ ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹಾಗಂತ ವರ್ಷಗಟ್ಟಲೆ ಮುಟ್ಟದೇ ಇಟ್ಟರೂ ಹಿಡಿದುಕೊಳ್ಳುತ್ತದೆ. ತಿಂಗಳಿಗೊಮ್ಮೆ ತೋಟದ ಮಣ್ಣಿನಲ್ಲಿ ಹಾಕಿ ಸ್ವಲ್ಪ ದೂರ ಓಡಿಸಿ.

ಗಾಡಿ ನೋಡಲು ನನ್ನನ್ನು ಕರೆಯುವವರು ಬೆಳಿಗ್ಗೆ ಆರೂವರೆಗೆ ಕರೆಯಿರಿ. ಕಡುಬು ಮಾಡಿಸಿದ್ದರೆ ಇನ್ನೂ ಸಂತೋಷ. ನಮಸ್ಕಾರ.