ಡೈನಮೊ ಜಾಸ್ತಿ ಚಾರ್ಜ್ ಮಾಡಿದರೆ

ಕೃಷಿಕ ಬಂಧುಗಳಿಗೆ ನಮಸ್ಕಾರ.

ನಮ್ಮ ಉಡುಪಿ, ಬ್ರಹ್ಮಾವರ, ಕುಂದಾಪುರದ ಕಡೆ ಟ್ರ್ಯಾಕ್ಟರಿಗಿಂತ ಟಿಲ್ಲರೇ ಜಾಸ್ತಿ. ಆದರೂ ಅಜ್ಜನ ಕಾಲದ ಫರ್ಗುಸನ್, ಫೋರ್ಡ್‌ಸನ್ ಜೋಪಾನ ಮಾಡಿಕೊಂಡು ಬಂದವರು ಅಲ್ಲಲ್ಲಿ ಇದ್ದಾರೆ. ಇವತ್ತಿನ ಮಾತು ಅವರಿಗೆ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ ಬಗ್ಗೆ.

ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅಂತ ದೂರುವವರು ತುಂಬ. ಚಾರ್ಜ್ ಜಾಸ್ತಿಯಾಯಿತು ಅಂತ ಹೇಳುವವರು ಕಡಿಮೆ. ಅವರು ಹೇಳುವುದೇ ಬೇರೆ. ‘ಬ್ಯಾಟರಿ ನೀರು ಕುಡೀತದೆ’, ‘ಹೆಡ್‌ಲೈಟ್ ಬಲ್ಬ್ ನಿಲ್ಲುವುದೇ ಇಲ್ಲ’. ಎರಡೂ ಒಂದೇ ಕಾಯಿಲೆಯ ಲಕ್ಷಣ. ಬ್ಯಾಟರಿ ಮೇಲೆ ಒದ್ದೆ, ಟರ್ಮಿನಲ್ಲಿನಲ್ಲಿ ಬಿಳಿ ಹುಡಿ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅನುಮಾನವೇ ಬೇಡ. ಅಲ್ಲಿ ಬೀಡಿ ಮಾತ್ರ ಹಚ್ಚಬೇಡಿ. ಆ ವಾಸನೆಯ ಜೊತೆಗೆ ವಾಸನೆಯೇ ಇಲ್ಲದ ಹೈಡ್ರೋಜನ್ ಕೂಡ ಬರುತ್ತದೆ, ಅದು ಸಿಡಿಯುತ್ತದೆ.

ಮೊದಲು ಬ್ಯಾಟರಿ ನೋಡಿ. 12 ವೋಲ್ಟಿನ ಬ್ಯಾಟರಿ ರಾತ್ರಿಯಿಡೀ ಸುಮ್ನೆ ಇದ್ದರೂ ಬೆಳಿಗ್ಗೆ ಮೀಟರಿನಲ್ಲಿ ಹತ್ತೂವರೆ ವೋಲ್ಟಿನ ಆಸುಪಾಸು ತೋರಿಸಿದರೆ ಒಂದು ಸೆಲ್ ಸತ್ತಿರಬಹುದು. ಆಗ ಡೈನಮೊದ್ದು ತಪ್ಪಲ್ಲ. ಬ್ಯಾಟರಿ ಸರಿ ಇದ್ದರೆ ಎಂಜಿನ್ ಓಡಿಸಿ, ಅರ್ಧ ಥ್ರಾಟಲ್ ಕೊಟ್ಟು, ಬ್ಯಾಟರಿಗೆ ಮೀಟರ್ ಹಿಡಿಯಿರಿ. ಹದಿನಾಲ್ಕು, ಹದಿನಾಲ್ಕೂವರೆ ವೋಲ್ಟ್ ಸರಿ. ಹದಿನೈದು ದಾಟಿ ಏರುತ್ತಲೇ ಹೋದರೆ ಕಾಯಿಲೆ ಖಾತ್ರಿ.

ಇಲ್ಲಿ ಜನ ಅವಸರ ಮಾಡುತ್ತಾರೆ. ‘ಕಟೌಟ್ ಹೋಯ್ತು, ಹೊಸದು ತಾ’. ಸ್ವಲ್ಪ ತಡೆಯಿರಿ. ಲೂಕಾಸ್ ಕಂಪನಿಯ ಡೈನಮೊ ಇರುವ ಟ್ರ್ಯಾಕ್ಟರಿನಲ್ಲಿ, ಜನ ಕಟೌಟ್ ಅನ್ನುವ ಆ ಕಪ್ಪು ಪೆಟ್ಟಿಗೆಯೊಳಗೆ ಎರಡು ಕಾಯಿಲ್ ಉಂಟು. ಒಂದು ಕಟೌಟ್, ಬ್ಯಾಟರಿಯ ಕರೆಂಟ್ ಡೈನಮೊಗೆ ವಾಪಸ್ ಹೋಗದಂತೆ ತಡೆಯುವುದು. ಇನ್ನೊಂದು ರೆಗ್ಯುಲೇಟರ್. ವೋಲ್ಟೇಜ್ ಏರಿದಾಗ ರೆಗ್ಯುಲೇಟರ್ ಕಾಯಿಲ್ ಪಾಯಿಂಟನ್ನು, ಅಂದರೆ ಕರೆಂಟ್ ದಾಟುವ ಜೋಡಣೆಯನ್ನು, ಎಳೆದು ಬಿಡಿಸಿ, ಡೈನಮೊದ ಫೀಲ್ಡಿಗೆ (ಒಳಗೆ ಅಯಸ್ಕಾಂತದ ಬಲ ಕೊಡುವ ತಂತಿ ಸುರುಳಿಗೆ) ಹೋಗುವ ಕರೆಂಟ್ ಕಡಿಮೆ ಮಾಡುತ್ತದೆ. ಆದರೆ ಕಾಯಿಲ್‌ಗೆ ಬಲ ಬರಬೇಕಾದರೆ ಪೆಟ್ಟಿಗೆಗೆ ಅರ್ತ್, ಅಂದರೆ ಟ್ರ್ಯಾಕ್ಟರಿನ ಲೋಹದ ಮೈಗೆ ಜೋಡಣೆ, ಗಟ್ಟಿ ಇರಬೇಕು. ಅರ್ತ್ ಹೋದರೆ ಕಾಯಿಲ್ ಮಲಗುತ್ತದೆ, ಪಾಯಿಂಟ್ ಕೂಡಿಕೊಂಡೇ ಇರುತ್ತದೆ, ಡೈನಮೊ ಮೂಗುದಾರ ಬಿಚ್ಚಿದ ಕೋಣದ ಹಾಗೆ ಓಡುತ್ತದೆ.

ನಮ್ಮಲ್ಲಿ ಕಡಲಿನ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಸ್ಕ್ರೂ ಹೊರಗೆ ಹೊಳೆಯುತ್ತಿದ್ದರೂ ಅಡಿಯಲ್ಲಿ ತುಕ್ಕು. ಇನ್ನು ಟ್ರ್ಯಾಕ್ಟರಿಗೆ ಹೊಸ ಪೇಂಟ್ ಹೊಡೆಸಿ, ಪೇಂಟಿನ ಮೇಲೆಯೇ ಪೆಟ್ಟಿಗೆ ಬಿಗಿಯುವವರೂ ಉಂಟು! ಪರೀಕ್ಷೆ ಸುಲಭ. ಪೆಟ್ಟಿಗೆಯ ‘ಇ’ (ಅರ್ತ್) ಟರ್ಮಿನಲ್‌ನಿಂದ ಡೈನಮೊದ ಲೋಹದ ಮೈಗೆ ಒಂದು ತುಂಡು ವಯರ್ ಹಿಡಿಯಿರಿ. ಮೀಟರಿನ ಲೆಕ್ಕ ತಟ್ಟನೆ ಇಳಿದರೆ ಕಳ್ಳ ಸಿಕ್ಕಿದ. ತುಕ್ಕು ಕೆರೆದು, ಲೋಹ ಹೊಳೆಯುವಂತೆ ಮಾಡಿ, ಬಿಗಿಯಿರಿ. ನನ್ನನ್ನು ಕೇಳಿದರೆ ಆ ವಯರನ್ನೂ ಅಲ್ಲೇ ಕಾಯಂ ಮಾಡಿ.

ಇಳಿಯದಿದ್ದರೆ ಎಂಜಿನ್ ನಿಲ್ಲಿಸಿ, ಡೈನಮೊದಿಂದ ‘ಎಫ್’ (ಫೀಲ್ಡ್) ವಯರ್, ಅಂದರೆ ತೆಳುವಾದದ್ದು, ಬಿಚ್ಚಿ ಟೇಪ್ ಸುತ್ತಿ. ಮತ್ತೆ ಓಡಿಸಿ. ಚಾರ್ಜ್ ನಿಂತರೆ ಡೈನಮೊ ಚೆನ್ನಾಗಿದೆ. ಆಗ ವಯರಿನಲ್ಲಿ ಶಾರ್ಟ್ ಇರಬೇಕು, ಇಲ್ಲವೇ ಪೆಟ್ಟಿಗೆಯ ಪಾಯಿಂಟ್ ಅಂಟಿಕೊಂಡಿರಬೇಕು. ನಿಲ್ಲದೆ ಹಾಗೇ ಹೋದರೆ ಡೈನಮೊದ ಒಳಗೇ ಫೀಲ್ಡ್ ಶಾರ್ಟ್ ಆಗಿದೆ, ಬಿಚ್ಚಿಸಲೇಬೇಕು.

ಪೆಟ್ಟಿಗೆ ಬದಲಿಸುವುದೇ ಆದರೆ ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ಅದರ ನಂಬರ್ ಬರೆದುಕೊಂಡು ಅಂಗಡಿಗೆ ಹೋಗಿ. ಹಳೆ ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಟ್ರ್ಯಾಕ್ಟರಿನ ಮೈಗೆ, ಅಂದರೆ ಅರ್ತ್‌ಗೆ, ಕೊಟ್ಟಿರುವುದು ಸಾಮಾನ್ಯ. ಅಭ್ಯಾಸಬಲದಿಂದ ಮೈನಸ್ ಕೊಡಬೇಡಿ, ನೋಡಿ ಜೋಡಿಸಿ. ನಮಸ್ಕಾರ.