ಸೊಪ್ಪಿನ ಹೊರೆ, ಕೈಯ ವಾಚು

ಕೇಳುಗರಿಗೆ ನಮಸ್ಕಾರ.

ಅಡಿಕೆ ಸುಲಿತದ ಕಾಲದಲ್ಲಿ ತೀರ್ಥಹಳ್ಳಿ ಕಡೆಯ ಅಣ್ಣನ ಮನೆಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಅತ್ತಿಗೆ ಮೆಟ್ಟುಗತ್ತಿ ಮುಂದೆ ಕೂತರು. ಹೆಜ್ಜೆ, ಕ್ಯಾಲರಿ ಎಲ್ಲ ಲೆಕ್ಕ ಹಾಕುವ ನನ್ನ ಸ್ಮಾರ್ಟ್‌ವಾಚನ್ನು ತಮಾಷೆಗೆ ಅವರ ಬಲಗೈಗೆ ಕಟ್ಟಿದೆ. ಎರಡು ಗಂಟೆ ಕೂತಲ್ಲಿಂದ ಏಳದೆ ಸುಲಿದರು. ವಾಚು ನೋಡಿದರೆ ಸಾವಿರದ ಮೇಲೆ ಹೆಜ್ಜೆ! ಮಾರನೇ ಬೆಳಿಗ್ಗೆ ಅದೇ ಅತ್ತಿಗೆ ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟು, ಎರಡೂ ಕೈಯಲ್ಲಿ ಅದನ್ನು ಹಿಡಿದು, ಏರು ಹತ್ತಿ ಕೊಟ್ಟಿಗೆಗೆ ಬಂದರು. ಮೈಯೆಲ್ಲ ಬೆವರು. ವಾಚು ಅರ್ಧದಷ್ಟು ಹೆಜ್ಜೆಯನ್ನೂ ಎಣಿಸಿರಲಿಲ್ಲ.

“ನಿನ್ನ ವಾಚಿಗೆ ಕೆಲಸ ಅಂದ್ರೆ ಎಂತ ಅಂತ್ಲೇ ಗೊತ್ತಿಲ್ಲ ಮಾರಾಯ” ಅಂದರು.

ಗೊತ್ತಿಲ್ಲ, ನಿಜ. ಅದರೊಳಗೆ ಅಕ್ಸೆಲರೋಮೀಟರ್ ಎಂಬ ಚಿಕ್ಕ ಚಿಪ್ ಇದೆ. ಕೈ ಯಾವ ಕಡೆಗೆ ಎಷ್ಟು ಜೋರಾಗಿ ಅಲುಗಿತು ಅನ್ನುವುದಷ್ಟೇ ಅದಕ್ಕೆ ತಿಳಿಯುವುದು. ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತದಿಂದ ನಾಡಿ ಹಿಡಿಯುತ್ತದೆ. ಇವಕ್ಕೆ ನಿಮ್ಮ ವಯಸ್ಸು, ಎತ್ತರ, ತೂಕ ಸೇರಿಸಿ ಒಂದು ಸೂತ್ರ ಕ್ಯಾಲರಿಯನ್ನು ಊಹಿಸುತ್ತದೆ. ನಾಡಿಯೋ, ಹೆದರಿದರೂ ಏರುತ್ತದೆ. ಅಡಿಕೆ ಕೊನೆ ಇಳಿಸುವ ಕೊನೆಗಾರ ಮರದ ತುದಿಯಿಂದ ಇನ್ನೊಂದು ಮರಕ್ಕೆ ದಾಟುವಾಗ ಕೆಳಗೆ ಸುಮ್ಮನೆ ನಿಂತಿದ್ದ ನನಗೂ ಏರಿತ್ತು.

ನಿಜವಾಗಿ ಅಳೆಯುವುದು ಹೇಗೆ? ನಾವು ಉಂಡದ್ದು ಮೈಯೊಳಗೆ ಉರಿಯಲು ಆಮ್ಲಜನಕ ಬೇಕು. ಒಂದು ಲೀಟರ್ ಆಮ್ಲಜನಕ ಖರ್ಚಾದರೆ ಸುಮಾರು 5 ಕಿಲೋಕ್ಯಾಲರಿ. ಹಾಗಾಗಿ ಮುಖಕ್ಕೆ ಮಾಸ್ಕ್ ಹಾಕಿ ಉಸಿರನ್ನು ಅಳೆಯುತ್ತಾರೆ. ಮಾಸ್ಕ್ ಹಾಕಿಕೊಂಡು ವಾರಗಟ್ಟಲೆ ಸೊಪ್ಪು ಕೊಯ್ಯಲಾದೀತೇ? ಅದಕ್ಕೊಂದು ಚಂದದ ಉಪಾಯ ಉಂಟು. ಸಾಮಾನ್ಯಕ್ಕಿಂತ ಭಾರದ ಹೈಡ್ರೋಜನ್, ಭಾರದ ಆಮ್ಲಜನಕ ಇರುವ ನೀರು ಕುಡಿಸುತ್ತಾರೆ. ಆ ಹೈಡ್ರೋಜನ್ ಮೂತ್ರ, ಬೆವರು ಹೀಗೆ ನೀರಾಗಿಯೇ ಹೊರಬೀಳುತ್ತದೆ. ಆಮ್ಲಜನಕ ನೀರಿನ ಜೊತೆಗೆ ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲೂ ಹೋಗುತ್ತದೆ, ಬೇಗ ಖಾಲಿಯಾಗುತ್ತದೆ. ಒಂದೆರಡು ವಾರ ಮೂತ್ರ ಪರೀಕ್ಷಿಸಿ ಎರಡರ ವ್ಯತ್ಯಾಸ ಹಿಡಿದರೆ ಉಸಿರಲ್ಲಿ ಹೋದದ್ದೆಷ್ಟು, ಅದರಿಂದ ಖರ್ಚಾದ ಶಕ್ತಿ ಎಷ್ಟು ಎಂದು ಸಿಗುತ್ತದೆ. ಮನುಷ್ಯರಲ್ಲಿ ಇದನ್ನು ಬಳಸಿದ ವರದಿ ಬಂದದ್ದು 1982ರಲ್ಲಿ. ನೀರು ಮಾತ್ರ ಬಲು ದುಬಾರಿ.

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ 7 ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಆರರಲ್ಲಿ ನಾಡಿಯ ತಪ್ಪು ನೂರಕ್ಕೆ 5ರೊಳಗೆ ಇತ್ತು. ಕ್ಯಾಲರಿಗೆ ಬಂದರೆ, ಇದ್ದುದರಲ್ಲಿ ಚೆನ್ನಾಗಿದ್ದದ್ದೇ ಸರಾಸರಿ ನೂರಕ್ಕೆ 27 ತಪ್ಪು, ಕೊನೆಯದು 93! ವಾಚು ನೋಡಿಕೊಂಡು ‘ಇನ್ನೆರಡು ಕಡುಬು ಹಾಕಿ’ ಅನ್ನುವವರು ಸ್ವಲ್ಪ ತಡೆಯಿರಿ.

ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ ಕೈ ಬೀಸಿ ನಡೆಯುವವರು ನಿನ್ನೆಗಿಂತ ಇವತ್ತು ಹೆಚ್ಚೋ ಕಡಿಮೆಯೋ ನೋಡಿಕೊಳ್ಳಲು ಅದೇ ವಾಚು ಸಾಕು. ನಾನೂ ಕಟ್ಟುವುದು ಬಿಟ್ಟಿಲ್ಲ.

ಹೊರಡುವ ದಿನ ಅದನ್ನು ಅತ್ತಿಗೆಯ ಸೊಂಟಕ್ಕೆ ಸಿಕ್ಕಿಸಿ ಬೆಟ್ಟಕ್ಕೆ ಕಳಿಸಿದೆ. ಹೆಜ್ಜೆ ಬಹುಪಾಲು ಸರಿಬಂತು. ತಲೆ ಮೇಲೆ ಹೊರೆ ಇದೆ ಎಂದು ಅದಕ್ಕೆ ತಿಳಿಸುವ ಗುಂಡಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ನಮಸ್ಕಾರ.