ಹತ್ತು ಹೆಜ್ಜೆಯೊಳಗೆ ಮಾಯವಾಗುವ ಕುಂಟು

ಈಗ ನೀವು ನೋಡುತ್ತಿರುವುದು ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಬೆಳಗಿನ ಆರೂವರೆಗೆ ನಾನು ತೆಗೆದ ದೃಶ್ಯ. ಕೊಟ್ಟಿಗೆಯಿಂದ ಹೊರಬರುತ್ತಿರುವ ಈ ಆರು ಹಲ್ಲಿನ ಹಳ್ಳಿಕಾರ್ ಎತ್ತು ಬಲಗಡೆಯ ಹಿಂಗಾಲನ್ನು ಮಡಚಲಾಗದೆ, ಕೋಲಿನಂತೆ ಹಿಂದಕ್ಕೆ ಚಾಚಿಕೊಂಡು, ಗೊರಸಿನ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಾ ಬರುತ್ತಿದೆ. ಏಳೆಂಟು ಹೆಜ್ಜೆಯಾದ ಮೇಲೆ ‘ಟಕ್’ ಎಂಬ ಸದ್ದಿನೊಂದಿಗೆ ಕಾಲು ಜಗ್ಗಿ ಮೇಲೆದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಎತ್ತು ನಡೆದುಹೋಗುತ್ತದೆ. ಇದಕ್ಕೂ ಮೊದಲು ಎರಡು ಸಲ ಮಧ್ಯಾಹ್ನದ ಹೊತ್ತು ಹೋಗಿದ್ದಾಗ ಕುಂಟು ಕಾಣಿಸಿಯೇ ಇರಲಿಲ್ಲ. “ನಿಮ್ಮನ್ನು ಕಂಡರೆ ಇದಕ್ಕೆ ಕಾಯಿಲೆಯೇ ಇರಲ್ಲ ನೋಡಿ, ಡಾಕ್ಟ್ರೇ” ಎಂದು ಯಜಮಾನರು ನಕ್ಕಿದ್ದರು.

ನರ ಹಿಡಿದಿದೆಯೆಂದು ಯಾರೋ ಹೇಳಿದ್ದರಿಂದ ಎತ್ತಿನ ಸೊಂಟದ ಮೇಲೆ ಆಗಲೇ ಎರಡು ಬರೆ ಬಿದ್ದಿದ್ದವು. ದೋಷವಿದ್ದದ್ದು ನರದಲ್ಲೂ ಅಲ್ಲ, ಸೊಂಟದಲ್ಲೂ ಅಲ್ಲ, ಮಂಡಿಯಲ್ಲಿ.

ತೊಡೆಮೂಳೆಯ ಕೆಳತುದಿಯ ಮುಂಭಾಗದಲ್ಲಿ ಎರಡು ಏಣುಗಳ ನಡುವೆ ಒಂದು ಕಾಲುವೆಯಿದ್ದು, ಕಾಲು ಮಡಚಿ ಚಾಚುವಾಗಲೆಲ್ಲ ಮಂಡಿಚಿಪ್ಪು ಅದರಲ್ಲಿ ಮೇಲೆ ಕೆಳಗೆ ಜಾರುತ್ತದೆ. ನಾಯಿಯಲ್ಲಿ ಈ ಚಿಪ್ಪನ್ನು ಕೆಳಗಿನ ಮೂಳೆಗೆ ಕಟ್ಟಿರುವುದು ಒಂದೇ ಅಸ್ಥಿರಜ್ಜು. ದನ ಮತ್ತು ಕುದುರೆಗಳಲ್ಲಿ ಒಳಗಿನದು, ನಡುವಿನದು, ಹೊರಗಿನದು ಎಂದು ಮೂರು. ಒಳಬದಿಯ ಏಣು ಹೊರಬದಿಯದಕ್ಕಿಂತ ದಪ್ಪ ಮತ್ತು ಎತ್ತರ. ಚಿಪ್ಪು ಹಾಗೂ ಮೊದಲ ಎರಡು ರಜ್ಜುಗಳು ಸೇರಿ ಒಂದು ಕುಣಿಕೆಯಾಗುತ್ತವೆ. ಆ ಕುಣಿಕೆ ಈ ಏಣಿನ ಮೇಲೆ ಸಿಕ್ಕಿಕೊಂಡಿತೆಂದರೆ ಮಂಡಿಗೆ ಬೀಗ ಬೀಳುತ್ತದೆ. ಮಂಡಿ ಮತ್ತು ಹಿಮ್ಮಡಿಯ ಕೀಲುಗಳು ಒಂದು ಮಡಚಿದರೆ ಮತ್ತೊಂದೂ ಮಡಚುವಂತೆ ಜೋಡಣೆಯಾಗಿರುವುದರಿಂದ, ಮಂಡಿ ಸಿಕ್ಕಿಕೊಂಡಾಗ ಹಿಮ್ಮಡಿಯೂ ನೆಟ್ಟಗೇ ನಿಲ್ಲುತ್ತದೆ. ಗೊರಸಿನ ಮೇಲಿನ ಕೀಲು ಮಾತ್ರ ಮಡಚುತ್ತದೆ. ಮಣ್ಣಿನಲ್ಲಿ ಕಂಡ ಗೆರೆ ಅದರದೇ.

ಕುದುರೆ ನಿಂತುಕೊಂಡೇ ತೂಕಡಿಸುವುದು ಇದೇ ಬೀಗದಿಂದ; ಅದು ಬೇಕೆಂದಾಗ ಹಾಕಿಕೊಂಡು ಬೇಡವೆಂದಾಗ ತೆಗೆಯುತ್ತದೆ. ನಮ್ಮ ಎತ್ತಿಗೆ ತೆಗೆಯಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ತೀರಾ ನೆಟ್ಟನೆಯ ಹಿಂಗಾಲು, ಮೇವಿನ ಕೊರತೆಯಿಂದ ಸೊರಗಿದ ತೊಡೆಯ ಮಾಂಸಖಂಡ, ಮೈಮೀರಿದ ದುಡಿತ ಇವು ಕಾರಣಗಳಲ್ಲಿ ಮುಖ್ಯವಾದವು. ರಾತ್ರಿಯೆಲ್ಲ ಮಲಗಿ ಎದ್ದ ಮೇಲೆ, ಅದರಲ್ಲೂ ಚಳಿಯಲ್ಲಿ, ತೊಂದರೆ ಹೆಚ್ಚು.

ಗೊರಸನ್ನು ಹತ್ತಿರದಿಂದ ತೋರಿಸುತ್ತೇನೆ, ಗಮನಿಸಿ. ಎಡಗಾಲಿನ ಗೊರಸಿನ ಮುಂತುದಿ ಚೂಪಾಗಿದೆ. ಬಲಗಾಲಿನದು ಅರ ಹಾಕಿ ಉಜ್ಜಿದಂತೆ ಚಪ್ಪಟೆಯಾಗಿದೆ. ಮಧ್ಯಾಹ್ನದ ಭೇಟಿಯಲ್ಲೇ ಇದನ್ನು ನೋಡಬೇಕಿತ್ತು. ನೋಡದಿದ್ದದ್ದು ನನ್ನ ತಪ್ಪು.

ಇದಕ್ಕೆ ಪರಿಹಾರ ಒಳಗಿನ ರಜ್ಜುವನ್ನು ಕತ್ತರಿಸುವುದು. ಹಿಂದಿನ ದಿನವೇ ಮೇವು ನಿಲ್ಲಿಸಿ, ಎತ್ತನ್ನು ಕೆಡವಿ, ನೋವಿನ ಕಾಲು ಕೆಳಗಾಗುವಂತೆ ಮಲಗಿಸಿದೆವು; ಹಾಗೆ ಮಲಗಿಸಿದರೆ ಮಾತ್ರ ಮಂಡಿಯ ಒಳಬದಿ ಕೈಗೆ ಸಿಗುತ್ತದೆ. ಶೇಕಡಾ 2ರ ಲಿಗ್ನೊಕೇನ್ ಚುಚ್ಚಿ ಆ ಜಾಗವನ್ನು ಮರಗಟ್ಟಿಸಿದ ಮೇಲೆ, ಬಿಗಿದ ತಂತಿಯಂತೆ ಬೆರಳಿಗೆ ತಾಗುವ ರಜ್ಜುವನ್ನು ಗುರುತಿಸಿ, ಅದರ ಮತ್ತು ನಡುವಿನ ರಜ್ಜುವಿನ ಮಧ್ಯದ ತಗ್ಗಿನಲ್ಲಿ ಚರ್ಮ ಸೀಳಿ, ಚಾಕುವನ್ನು ಚಪ್ಪಟೆಯಾಗಿ ರಜ್ಜುವಿನ ಅಡಿಗೆ ತೂರಿಸಿ, ಅನಂತರ ಅಲಗನ್ನು ರಜ್ಜುವಿನ ಕಡೆಗೆ ತಿರುಗಿಸಬೇಕು. ಹಸಿ ನಾರು ಹರಿದಂತೆ ಕರಕರ ಎನ್ನುತ್ತದೆ. ಬಿಗಿಯಾಗಿದ್ದ ಜಾಗದಲ್ಲಿ ಬೆರಳು ಇಳಿಯುವಷ್ಟು ತಗ್ಗು ಬೀಳುತ್ತದೆ. ಕೈ ತಪ್ಪಿ ನಡುವಿನ ರಜ್ಜು ತುಂಡಾದರೆ ಮಾತ್ರ ಎತ್ತು ಶಾಶ್ವತವಾಗಿ ಕುಂಟಾಗುತ್ತದೆ, ಕೀಲಿನ ಚೀಲಕ್ಕೆ ತೂತು ಬಿದ್ದರೆ ಕೀವಿನ ಭಯ. ಆದುದರಿಂದ ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ಕುದುರೆಗಳಲ್ಲಿ ಇದೇ ಶಸ್ತ್ರಚಿಕಿತ್ಸೆಯ ನಂತರ ಮಂಡಿಚಿಪ್ಪು ಚೂರಾಗುವ ಸಂಭವವಿರುವುದರಿಂದ ಅಲ್ಲಿ ಇದನ್ನು ಕೊನೆಯ ಉಪಾಯವಾಗಿ ಉಳಿಸಿಕೊಳ್ಳುತ್ತಾರೆ.

ಎದ್ದ ಎತ್ತು ಮೊದಲ ಹೆಜ್ಜೆಯಲ್ಲೇ ಕಾಲು ಮಡಚಿದ್ದು ಈ ದೃಶ್ಯದಲ್ಲಿದೆ. ಹತ್ತನೆಯ ದಿನ ಹೊಲಿಗೆ ಬಿಚ್ಚಿದೆ; ನೊಗ ಹೂಡಲು ಇನ್ನೂ ಕೆಲವು ವಾರ ತಡೆಯಿರಿ ಎಂದು ಯಜಮಾನರಿಗೆ ಹೇಳಿದ್ದೇನೆ. ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರಿನಷ್ಟೇ ಬೆಳೆಯುವುದರಿಂದ, ಸವೆದ ತುದಿ ಮಾತ್ರ ಸದ್ಯಕ್ಕೆ ಹಾಗೆಯೇ ಇದೆ.